ಸಿಪಿಲೆಯ ಗರಿಯಲ್ಲಿರುವ ಗುರುತು

ಬಿಳಿ ಸಿಪಿಲೆಯ ಉಪಜಾತಿಗಳನ್ನು ಗರಿಯಿಂದಲೇ ಗುರುತಿಸುವುದು ಪಕ್ಷಿವೀಕ್ಷಣೆಯ ಸೊಗಸಾದ ಕೌಶಲಗಳಲ್ಲೊಂದು. ಮೊದಲು ನೋಡಬೇಕಾದದ್ದು ಬೆನ್ನು: ಬೂದೋ, ಕಪ್ಪೋ? ಆಮೇಲೆ ಮುಖ, ಕೊನೆಗೆ ಗಂಟಲು. 1832ರಲ್ಲಿ ಪಕ್ಷಿತಜ್ಞ ಸೈಕ್ಸ್ ದಖ್ಖನಿನಿಂದ ವರ್ಣಿಸಿದ ಡುಖುನೆನ್ಸಿಸ್ ಉಪಜಾತಿಗೆ ಬೂದು ಬೆನ್ನು, ಗೆರೆಯಿಲ್ಲದ ಬಿಳಿ ಮುಖ. ಆಕ್ಯುಲಾರಿಸ್‌ನದೂ ಬೂದು ಬೆನ್ನೇ. ಕಾಡಿಗೆ ತೀಡಿದಂತೆ ಕಣ್ಣನ್ನು ಹಾಯುವ ತೆಳು ಕಪ್ಪು ಗೆರೆ ಅದರ ಚೆಲುವು. ಪರ್ಸೊನಾಟಾದ ತಲೆ, ಕತ್ತು, ಎದೆಯೆಲ್ಲ ಕಪ್ಪಾಗಿ, ಹಣೆ ಮತ್ತು ಕಣ್ಣಿನ ಸುತ್ತ ಮಾತ್ರ ಬಿಳಿ ಉಳಿಯುತ್ತದೆ. ಹಿಮಾಲಯದ ಆಲ್ಬಾಯ್ಡಿಸ್‌ಗೂ ಅಂಥದೇ ಮುಖವಾಡ. ಗಂಡಿನ ಬೆನ್ನು ಮಾತ್ರ ಕಡುಗಪ್ಪು. ಲ್ಯೂಕಾಪ್ಸಿಸ್ ಗಂಡಿಗೂ ಕಪ್ಪು ಬೆನ್ನು, ಆದರೆ ಗಂಟಲು ಬೇಸಿಗೆಯಲ್ಲೂ ಅಚ್ಚ ಬಿಳಿ. ಚಳಿಗಾಲದಲ್ಲಿ ಹಲವು ಉಪಜಾತಿಗಳ ಗಂಟಲಿನ ಕಪ್ಪು ಎದೆಪಟ್ಟಿಯಷ್ಟಕ್ಕೆ ಕುಗ್ಗುತ್ತದೆ. ಎಳೆಯ ಹಕ್ಕಿಗಳ ಬಣ್ಣವಂತೂ ಮಾಸಲು. ಆಗಲೂ ಸರಿಯಾಗಿ ಹೆಸರಿಸಬಲ್ಲ ಕಣ್ಣಿನ ತಾಳ್ಮೆ ನಿಜಕ್ಕೂ ಮೆಚ್ಚತಕ್ಕದ್ದು.