ಬ್ರೋಶರ್ ಎಂಬ ಸಾಹಿತ್ಯ ಪ್ರಕಾರ

ನಮ್ಮ ವಯಸ್ಸಿನ ಇಂಜಿನಿಯರುಗಳು ಅತಿ ಹೆಚ್ಚು ಶ್ರದ್ಧೆಯಿಂದ ಓದುವ ಸಾಹಿತ್ಯ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ರೆಡಿ ಇದೆ: ಅಪಾರ್ಟ್‌ಮೆಂಟಿನ ಬ್ರೋಶರ್. ಕಾದಂಬರಿ ಓದೋಕೆ ಟೈಮೆಲ್ಲಿದೆ ಅನ್ನುವವರೂ ಇದನ್ನು ಮೂರು ಮೂರು ಸಲ ಓದಿರುತ್ತಾರೆ, ಹೆಂಡತಿಗೆ ವಾಟ್ಸಾಪ್ ಮಾಡಿರುತ್ತಾರೆ, ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಅರ್ಥ ಬಿಡಿಸಿ ಹೇಳಿರುತ್ತಾರೆ. ಇಷ್ಟು ಓದುಗರಿರುವ ಪ್ರಕಾರಕ್ಕೆ ಒಬ್ಬ ವಿಮರ್ಶಕನೂ ಇಲ್ಲ. ಕವನ ಸಂಕಲನ ಚೆನ್ನಾಗಿಲ್ಲದಿದ್ದರೆ ಇನ್ನೂರು ರೂಪಾಯಿ ಹೋಯಿತು ಅಂದುಕೊಂಡು ಸುಮ್ಮನಾಗಬಹುದು. ಇಲ್ಲಿ ಹಾಗಲ್ಲ. 80 ಲಕ್ಷ ಸಾಲ, ಶೇಕಡಾ 8.5 ಬಡ್ಡಿ, 20 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸುಮಾರು ₹69,400 ಕಂತು. ಕೊನೆಗೆ ಕಟ್ಟಿರುವುದು 1 ಕೋಟಿ 66 ಲಕ್ಷದ ಮೇಲೆ. ಒಂದು ಕೃತಿಯನ್ನು ನಂಬಿ ಓದುಗ ಇಷ್ಟು ಕೊಡುತ್ತಾನೆ ಅಂದರೆ ಅದನ್ನು ಸ್ವಲ್ಪ ಗಟ್ಟಿಯಾಗಿಯೇ ಓದಬೇಕು.

ಕಳೆದ ಒಂದು ವರ್ಷದಲ್ಲಿ ಸರ್ಜಾಪುರ ರಸ್ತೆ, ವರ್ತೂರು, ಕನಕಪುರ ರಸ್ತೆ, ದೇವನಹಳ್ಳಿ ಕಡೆಯ ಹನ್ನೊಂದು ಬ್ರೋಶರ್ ಕೂಡಿಹಾಕಿದ್ದೇನೆ. ಬಿಲ್ಡರುಗಳ ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಹೆಸರು ಮುಚ್ಚಿ ಓದಿದರೆ ಹನ್ನೊಂದನ್ನೂ ಒಬ್ಬನೇ ಕೂತು ಬರೆದಂತಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಈ ಲೇಖಕನಿಗೆ ನಮ್ಮ ಮನಸ್ಸು ಚೆನ್ನಾಗಿ ಗೊತ್ತು. ಹನ್ನೊಂದು ತಿಂಗಳ ಅಗ್ರಿಮೆಂಟು, ತಿಂಗಳುಗಟ್ಟಲೆ ಬಾಡಿಗೆಯಷ್ಟು ಅಡ್ವಾನ್ಸು, ಗೋಡೆಗೆ ಮೊಳೆ ಹೊಡೆಯಲು ಓನರ್ ಅಪ್ಪಣೆ, ಊರಿಂದ ನಾಲ್ಕು ಜನ ಬಂದರೆ "ಎಷ್ಟು ದಿನ ಇರ್ತಾರೆ?" ಎಂಬ ಪ್ರಶ್ನೆ. ಇದೆಲ್ಲ ಅನುಭವಿಸಿದವನಿಗೆ ಮಗು ಸೈಕಲ್ ತುಳಿಯುತ್ತಿರುವ ಆ ಒಂದು ಚಿತ್ರ ಸಾಕು. ಆಸೆ ಸುಳ್ಳಲ್ಲ. ಆಸೆಯನ್ನು ಇಷ್ಟು ಸರಿಯಾಗಿ ಹಿಡಿದವನು ಮನೆಯನ್ನು ವರ್ಣಿಸುವಾಗ ಯಾಕೆ ಜಾರಿಕೊಳ್ಳುತ್ತಾನೆ ಎಂಬುದೇ ನನ್ನ ತಕರಾರು.

ಶೀರ್ಷಿಕೆಯಿಂದ ಶುರು ಮಾಡೋಣ. ಇಟಲಿಯ ಒಂದು ಊರು, ಫ್ರಾನ್ಸಿನ ಒಂದು ಸೀಮೆ, ಇಲ್ಲವೇ ಇಂಗ್ಲಿಷಿನ ಒಂದು ಹೂವು. ನನ್ನ ಹನ್ನೊಂದರಲ್ಲಿ ಒಂದಕ್ಕೂ ಅದು ನಿಂತಿರುವ ಹಳ್ಳಿಯ ಹೆಸರಿಲ್ಲ. ಹಳ್ಳಿಯ ಹೆಸರು, ಸರ್ವೆ ನಂಬರು ಸಿಗುವುದು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ, ಸಿಕ್ಕರೆ. ನಮ್ಮಪ್ಪನಿಗೆ ಒಂದು ಪ್ರಾಜೆಕ್ಟಿನ ಬಗ್ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಹೆಸರು ಏನಾರ ಇರ್ಲಿ, ಪಹಣಿ ಯಾರ ಹೆಸರಲ್ಲೈತೆ?" ಇದು ಹಳೇ ಕಾಲದವರ ಅನುಮಾನ ಅಂತ ತಳ್ಳಿಹಾಕಬೇಡಿ. ಇಟಲಿಯ ಹೆಸರಿಟ್ಟು ಕಚೇರಿಗಳಲ್ಲಿ ಏನನ್ನೂ ಹುಡುಕಲು ಬರುವುದಿಲ್ಲ. ಜಮೀನು ಯಾರದಾಗಿತ್ತು, ಭೂ ಪರಿವರ್ತನೆ ಆಗಿದೆಯೋ, ವ್ಯಾಜ್ಯ ಇದೆಯೋ ಎಲ್ಲವೂ ಹಳ್ಳಿಯ ಹೆಸರು ಮತ್ತು ಸರ್ವೆ ನಂಬರಿನ ಕೆಳಗೇ ಇರುವುದು.

ಎರಡನೆಯದು ಅಳತೆ. ನಾನು ಸಿರಿಗೆರೆ ಕಡೆಯವನು, ಚಿತ್ರದುರ್ಗದ ಬಯಲುಸೀಮೆ. ನಮ್ಮಲ್ಲಿ ಹಳೆಯ ಮಾಳಿಗೆ ಮನೆಗಳ ಲೆಕ್ಕ ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಜಾಗ ಒಂದು ಅಂಕಣ. ಐದಂಕಣದ ಮನೆ ಅಂದರೆ ನಡುಮನೆಯಲ್ಲಿ ನಿಂತು ತಲೆಯೆತ್ತಿ ಯಾರು ಬೇಕಾದರೂ ಎಣಿಸಿಕೊಳ್ಳಬಹುದು. ಮನೆಮುಂದಿನ ಬೀದಿಯನ್ನೂ ಗುಡಿಕಟ್ಟೆಯನ್ನೂ ಸೇರಿಸಿ "ನಮ್ಮದು ಏಳಂಕಣ" ಅಂತ ಯಾರೂ ಹೇಳಿಕೊಂಡದ್ದಿಲ್ಲ. ಸೂಪರ್ ಬಿಲ್ಟ್‌ಅಪ್ ಏರಿಯಾ ಮಾಡುವುದು ಇದನ್ನೇ. ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸಿನ ಪಾಲು ಎಲ್ಲವನ್ನೂ ನಿಮ್ಮ ಮನೆಯ ಲೆಕ್ಕಕ್ಕೆ ಸೇರಿಸುತ್ತದೆ. ಉದಾಹರಣೆಗೆ 1,200 ಚದರಡಿ ಅಂತ ಬರೆದ ಫ್ಲಾಟಿನ ಕಾರ್ಪೆಟ್ ಏರಿಯಾ 840 ಇದೆ ಅನ್ನಿ. ಚದರಡಿಗೆ ₹8,000 ಅಂತ ಬ್ರೋಶರ್ ಹೇಳುತ್ತದೆ, ಒಟ್ಟು 96 ಲಕ್ಷ. ನೀವು ಚಾಪೆ ಹಾಸಿ ಮಲಗಬಹುದಾದ ಜಾಗಕ್ಕೆ ಭಾಗಿಸಿದರೆ ಚದರಡಿಗೆ ₹11,428. ಎರಡೂ ಲೆಕ್ಕ ಸರಿಯೇ. ಒಂದನ್ನು ನೀವು ಟೇಪು ಹಿಡಿದು ಪರೀಕ್ಷೆ ಮಾಡಬಹುದು, ಇನ್ನೊಂದನ್ನು ಮಾಡಲಾರಿರಿ. ಬ್ರೋಶರ್ ದಪ್ಪ ಅಕ್ಷರಕ್ಕೆ ಆರಿಸಿಕೊಳ್ಳುವುದು ಪರೀಕ್ಷೆ ಮಾಡಲಾಗದ್ದನ್ನು. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾಗೆ ಸ್ಪಷ್ಟ ಅರ್ಥ ಕೊಟ್ಟಿದೆ: ಹೊರಗೋಡೆ, ಶಾಫ್ಟು, ಬಾಲ್ಕನಿ, ತೆರೆದ ಟೆರೇಸು ಬಿಟ್ಟು ಒಳಗೆ ಬಳಸಬಹುದಾದ ಜಾಗ, ಒಳಗಿನ ಅಡ್ಡಗೋಡೆಗಳು ಮಾತ್ರ ಲೆಕ್ಕಕ್ಕೆ ಸೇರುತ್ತವೆ. ಹತ್ತಿರ ಹತ್ತಿರ ನಮ್ಮ ಅಂಕಣದ ನ್ಯಾಯವೇ.

ಮೂರನೆಯದು ನೀರು. ನಮ್ಮ ಕಡೆ ಹೊಲ ಕೊಳ್ಳುವಾಗಲೂ ಹೆಣ್ಣು ಕೊಡುವಾಗಲೂ ಮೊದಲ ಪ್ರಶ್ನೆ ನೀರಿನದು. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ಭರಮಸಾಗರದ ಕೆರೆಗೆ ತಂದಾಗ ಜನ ಏರಿಯ ಮೇಲೆ ನಿಂತು ನೋಡಿದರು. ಅಂಥ ಸೀಮೆಯಿಂದ ಬಂದವನಿಗೆ ಬ್ರೋಶರಿನ ಮೌನ ಕಿವಿಗೆ ಹೊಡೆಯುತ್ತದೆ. ಈಜುಕೊಳಕ್ಕೆ ಎರಡು ಪುಟ, ಕುಡಿಯುವ ನೀರಿಗೆ ಒಂದು ಸಾಲೂ ಇಲ್ಲ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ 17 ವರ್ಷ. ಅದೇ 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಇನ್ನು ಈಗ ಫ್ಲಾಟು ಏಳುತ್ತಿರುವ ಎಷ್ಟೋ ಜಾಗಗಳು ಆ 110 ಹಳ್ಳಿಗಳಿಂದಲೂ ಆಚೆ ಇವೆ. ನಾನು ಸೇಲ್ಸ್ ಹುಡುಗನನ್ನು ನೀರೆಲ್ಲಿಂದ ಅಂತ ಕೇಳಿದೆ. "ಕಾವೇರಿ ಬರತ್ತೆ ಸರ್" ಅಂದ. ಕ್ರಿಯಾಪದವನ್ನು ಗಮನಿಸಿ. ಕನ್ನಡದಲ್ಲಿ "ಬರುತ್ತೆ" ಅಂದರೆ ಈಗಲೂ ಹೌದು, ಮುಂದೆಯೂ ಹೌದು. ಈ ಪ್ರಕಾರದ ಇಡೀ ವ್ಯಾಕರಣ ಆ ಒಂದು ಪದದಲ್ಲಿದೆ. ಮೆಟ್ರೋ ಬರುತ್ತೆ, ರಸ್ತೆ ಅಗಲ ಆಗುತ್ತೆ, ಶಾಲೆ ಬರುತ್ತೆ.

ನೀರಿನ ಮಾತು ಬಂದಾಗ "ಲೇಕ್ ವ್ಯೂ" ಬಿಡಲಾಗದು. ಕೆರೆ ಅಂದರೆ ನಮಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು. ಬ್ರೋಶರ್ ಇದರಲ್ಲಿ ನೋಟವೊಂದನ್ನು ಮಾತ್ರ ಕತ್ತರಿಸಿಕೊಂಡಿದೆ. ಕೋಡಿ ಬಿದ್ದ ನೀರು ಯಾವ ಕಡೆ ಹರಿಯುತ್ತದೆ ಎಂಬ ಪ್ರಶ್ನೆಯೇ ಅದಕ್ಕಿಲ್ಲ. ನೀರಿಗೆ ಮಾತ್ರ ತನ್ನ ದಾರಿ ನೆನಪಿರುತ್ತದೆ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಸೈನಿಕರು ಬಂದು ಆರಿಸಿದ್ದು ನೆನಪಿರಬಹುದು; ಅದೂ ಲೇಕ್ ವ್ಯೂವೇ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು, ಹೊರವರ್ತುಲ ರಸ್ತೆ ಮುಳುಗಿ ನಮ್ಮಂಥವರೇ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗೆ ಅದರ ಗಾತ್ರದ ಮೇಲೆ 50, 25, 15 ಮೀಟರ್ ಬಿಡಬೇಕು ಅಂತ ಹೇಳಿತ್ತು. ಬ್ರೋಶರಿನ ನಕ್ಷೆಯಲ್ಲಿ ಕಾಫಿ ಅಂಗಡಿ ಇದೆ, ಮಾಲ್ ಇದೆ, ರಾಜಕಾಲುವೆ ಇಲ್ಲ. ಆ ನಕ್ಷೆಗೆ ಸ್ಕೇಲೂ ಇಲ್ಲ. ದೂರವನ್ನು ನಿಮಿಷದಲ್ಲಿ ಹೇಳುತ್ತದೆ: ಟೆಕ್‌ಪಾರ್ಕಿಗೆ 10 ನಿಮಿಷ. ಬೆಳಗಿನ ಜಾವ ಎಷ್ಟು ಗಂಟೆಗೆ ಅಂತ ಹೇಳುವುದಿಲ್ಲ.

ಇನ್ನು ಪಾತ್ರಗಳು. ಗಂಡ, ಹೆಂಡತಿ, ಒಂದು ಮಗು, ಒಂದು ನಾಯಿ. ವಯಸ್ಸಾದವರು ಕಾಣಿಸುವುದು ನನ್ನ ಹನ್ನೊಂದರಲ್ಲಿ ಎರಡರಲ್ಲಿ, ಅವರೂ ಶೂ ಹಾಕಿಕೊಂಡು ಜಾಗಿಂಗ್ ಮಾಡುತ್ತಿದ್ದಾರೆ. ನಮ್ಮವ್ವ ಬಂದರೆ ಎಲ್ಲಿ ಕೂರುತ್ತಾಳೆ? ಹಾದಿಯಲ್ಲಿ ಹೋಗುವವರನ್ನು ನೋಡುತ್ತ, ಅವರೆಕಾಯಿ ಸುಲಿಯುತ್ತ ಕೂರುವ ಜಗಲಿಯಂಥ ಜಾಗ ಯಾವ ಪ್ಲಾನಿನಲ್ಲೂ ಇಲ್ಲ. ವಿವೇಕ ಶಾನಭಾಗರ "ಘಾಚರ್ ಘೋಚರ್" ಓದಿದವರಿಗೆ ಗೊತ್ತು, ಸಣ್ಣ ಮನೆಯಿಂದ ದೊಡ್ಡ ಮನೆಗೆ ಹೋದಾಗ ಕುಟುಂಬದೊಳಗೇ ಏನೇನು ಅಲುಗಾಡುತ್ತದೆ ಅಂತ. ಬ್ರೋಶರಿನ ಕುಟುಂಬಕ್ಕೆ ಆ ಕಷ್ಟವಿಲ್ಲ, ಯಾಕೆಂದರೆ ಅದು ಎಲ್ಲಿಂದಲೂ ಬಂದದ್ದಲ್ಲ.

ಮಾದರಿ ಫ್ಲಾಟ್ ಈ ಕೃತಿಯ ನಾಟಕರೂಪ. ನಾನು ನೋಡಿದ ಮೂರರಲ್ಲಿ ಎರಡಕ್ಕೆ ಒಳಬಾಗಿಲುಗಳೇ ಇರಲಿಲ್ಲ. ಬಾಗಿಲಿಲ್ಲದ ಕೋಣೆ ದೊಡ್ಡದಾಗಿ ಕಾಣುತ್ತದೆ, ತೆರೆದ ಬಾಗಿಲು ಮಂಚಕ್ಕೆ ಬಡಿಯುವುದೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಅಡಿಟಿಪ್ಪಣಿ ಬರುತ್ತದೆ: ಚಿತ್ರಗಳು ಕಲಾವಿದನ ಕಲ್ಪನೆ. ನಲವತ್ತು ಪುಟ ಹೇಳಿದ್ದನ್ನು ಒಂದೇ ಸಾಲಿನಲ್ಲಿ ಹಿಂದಕ್ಕೆ ಪಡೆಯುವ ಧೈರ್ಯ ಬೇರೆ ಯಾವ ಲೇಖಕನಿಗಿದೆ ಹೇಳಿ!

ಆದರೆ ಹೆಚ್ಚಿನ ಓದುಗರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಕಾನೂನು ಈ ಪ್ರಕಾರವನ್ನು ಕಲ್ಪನೆ ಅಂತ ಒಪ್ಪಿಕೊಂಡಿಲ್ಲ. ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಫ್ಲಾಟನ್ನು ನಂಬಿ ದುಡ್ಡು ಕೊಟ್ಟವನಿಗೆ ಅದರಲ್ಲಿದ್ದ ತಪ್ಪು ಮಾಹಿತಿಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಆತ ಹಿಂದೆ ಸರಿದರೆ ಬಡ್ಡಿ ಸಮೇತ ಹಣ ವಾಪಸು ಕೊಡಬೇಕು. ನೋಂದಾಯಿತ ಕರಾರಿಗೆ ಮುಂಚೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ ಎನ್ನುತ್ತದೆ 13ನೇ ಸೆಕ್ಷನ್. ಇದರಿಂದ ಎಲ್ಲ ಸರಿಹೋಯಿತು ಅಂತಲ್ಲ. ಆದೇಶ ಸಿಕ್ಕಿದರೂ ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು, ಅದು ವರ್ಷಗಟ್ಟಲೆ ಎಳೆಯುವುದುಂಟು. ಅದಕ್ಕೇ ಮೊದಲೇ ಓದುವುದು ಅಗ್ಗ.

ಓದುವ ಕ್ರಮ ಇಷ್ಟೇ: ಹಿಂದಿನಿಂದ ಮುಂದಕ್ಕೆ. ಕೊನೆಯ ಪುಟದ ರೇರಾ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ. ಹಳ್ಳಿ, ಸರ್ವೆ ನಂಬರು, ಮಂಜೂರಾದ ನಕ್ಷೆ, ಮುಗಿಸುವ ದಿನಾಂಕ ನೋಡಿ. ಆಮೇಲೆ ಕಾರ್ಪೆಟ್ ಏರಿಯಾ. ಕಟ್ಟಿ ಮುಗಿದ ಮನೆಯಾದರೆ ಒಸಿ ಬಂದಿದೆಯಾ ಅಂತ ಕೇಳಿ, "ಬರುತ್ತೆ" ಅಂದರೆ ಬಂದಿಲ್ಲ ಅಂತ ಅರ್ಥ. ಪಕ್ಕದಲ್ಲಿ ಈಗಾಗಲೇ ವಾಸವಿರುವ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯನ್ನು ಏಪ್ರಿಲಿನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಅಂತ ವಿಚಾರಿಸಿ. ಸೈಕಲ್ ತುಳಿಯುವ ಮಗುವಿನ ಚಿತ್ರವನ್ನು ಎಲ್ಲ ಆದ ಮೇಲೆ ನೋಡಿ.

ಕೊಂಡಮೇಲೂ ಬ್ರೋಶರನ್ನು ರದ್ದಿಗೆ ಹಾಕಬೇಡಿ. ಕರಾರಿನಲ್ಲಿ "ಬ್ರೋಶರ್ ಈ ಒಪ್ಪಂದದ ಭಾಗವಲ್ಲ" ಎಂಬ ಸಾಲು ನುಸುಳಿದೆಯಾ ಅಂತ ಸಹಿಗೆ ಮುಂಚೆ ಹುಡುಕಿ, ಇದ್ದರೆ ವಕೀಲರಿಗೆ ತೋರಿಸಿ. ಸೇಲ್ಸ್‌ನವರ ವಾಟ್ಸಾಪ್ ಮೆಸೇಜುಗಳನ್ನೂ ಉಳಿಸಿಕೊಳ್ಳಿ. ಸೇಲ್ ಡೀಡ್ ಇಡುವ ಫೈಲಿನಲ್ಲೇ ಬ್ರೋಶರಿಗೂ ಜಾಗ ಕೊಡಿ. ನಿಮ್ಮ ಕಪಾಟಿನಲ್ಲಿರುವ ಪುಸ್ತಕಗಳಲ್ಲಿ ಬರೆದವರನ್ನು ಬಡ್ಡಿ ಸಮೇತ ಕೇಳಬಹುದಾದದ್ದು ಅದೊಂದೇ.