‘ಕ್ರಮೇಣ’ ಎಂಬ ಪದದ ವಿಚಾರ

ಮಕ್ಕಳ ಹಕ್ಕುಗಳ 1989ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ ಸರ್ಕಾರವು 1992ರ ಡಿಸೆಂಬರ್ 11ರಂದು ಅಂಗೀಕರಿಸಿತು. ಆದರೆ ಬಾಲಶ್ರಮವನ್ನು ಕುರಿತ 32ನೆಯ ವಿಧಿಗೆ ಒಂದು ಘೋಷಣೆಯನ್ನು ಜೋಡಿಸಿತು: ಸಕಲ ಉದ್ಯೋಗಗಳಿಗೂ ಕನಿಷ್ಠ ವಯಸ್ಸನ್ನು ಕೂಡಲೇ ಗೊತ್ತುಪಡಿಸುವುದು ಶಕ್ಯವಲ್ಲ, ಕ್ರಮೇಣ ಆಚರಣೆಗೆ ತರಲಾಗುವುದು ಎಂದು.

ನಿತ್ಯಕರ್ಮದಲ್ಲಿ ಅಂಗಗಳನ್ನು ಯಥಾಶಕ್ತಿ ಅನುಷ್ಠಿಸಬಹುದೆಂಬುದು ಮೀಮಾಂಸಕರ ಮತ. ಪ್ರಧಾನಕ್ಕೆ ಆ ಸೌಕರ್ಯವಿಲ್ಲ. ಇಲ್ಲಿ ಶೋಷಣೆಯಿಂದ ಬಾಲರಕ್ಷಣೆಯೇ ಪ್ರಧಾನ, ವಯೋನಿರ್ಣಯವು ಅಂಗವೆಂದು ಸರ್ಕಾರದ ಪರವಾಗಿ ವಾದಿಸಬಹುದು. ಆದರೆ ವಯೋನಿರ್ಣಯವಿಲ್ಲದಿದ್ದರೆ ನಿಷೇಧವು ಯಾರಿಗೆ ಅನ್ವಯಿಸುವುದೆಂಬುದೇ ನಿಶ್ಚಿತವಾಗದು. ಆದುದರಿಂದ ಈ ಅಂಗಲೋಪವು ಪ್ರಧಾನಲೋಪವೇ ಸರಿ.

‘ಕ್ರಮೇಣ’ ಎಂಬುದಕ್ಕೆ ಅವಧಿಯನ್ನೂ ಹೇಳಿರಲಿಲ್ಲ. ಹದಿನಾಲ್ಕು ವರ್ಷದೊಳಗಿನವರಿಗೆ ಎಲ್ಲ ಉದ್ಯೋಗಗಳನ್ನೂ ನಿಷೇಧಿಸಿದ ತಿದ್ದುಪಡಿಯು 2016ರಲ್ಲಿ ಬಂದಿತು. ಅದೂ ಶಾಲೆಯ ವೇಳೆಯ ಹೊರಗೆ ಮನೆತನದ ಕಸುಬಿಗೆ ವಿನಾಯಿತಿಯನ್ನಿತ್ತು. 1992ರಲ್ಲಿ ಜನಿಸಿದ ಶಿಶುವು ಅಷ್ಟರೊಳಗೆ ಬಾಲ್ಯವನ್ನೇ ದಾಟಿದ್ದಿತು.