ವಸುಮಿತ್ರನ ಬಿಲ್ಲೆ: ತ್ರಿಕಾಲಾಸ್ತಿತ್ವದ ವಿಮರ್ಶೆ

ಕಳೆದುದು ಇಲ್ಲವಾಯಿತೆ, ಬರಲಿರುವುದು ಇನ್ನೂ ಇಲ್ಲವೆ, ಅಥವಾ ಎರಡೂ ಈಗಿನದರಂತೆಯೇ ಇದ್ದುಕೊಂಡಿವೆಯೆ? ಈ ಪ್ರಶ್ನೆಯನ್ನು ಸರ್ವಾಸ್ತಿವಾದಿಗಳಾದ ಬೌದ್ಧರಷ್ಟು ನಿಷ್ಠುರವಾಗಿ ಎದುರಿಸಿದವರು ಭಾರತೀಯ ದಾರ್ಶನಿಕರಲ್ಲಿ ವಿರಳ. ‘ಎಲ್ಲವೂ ಇದೆ’ ಎಂಬುದೇ ಅವರ ಹೆಸರಿನ ಅರ್ಥ. ಅವರ ವಾದಕ್ಕೆ ಮುಖ್ಯವಾದ ಆಧಾರಗಳು ಎರಡು: ಇಲ್ಲದ ವಸ್ತುವನ್ನು ಕುರಿತು ಅರಿವು ಹುಟ್ಟಲಾರದು, ಇಲ್ಲದ ಕರ್ಮವು ಫಲ ಕೊಡಲಾರದು.

ಹಾಗಾದರೆ ಮೂರು ಕಾಲಗಳಿಗೆ ಪರಸ್ಪರ ಭೇದವೇನು? ವಸುಬಂಧುವು ಅಭಿಧರ್ಮಕೋಶಭಾಷ್ಯದ 5ನೆಯ ಅಧ್ಯಾಯದಲ್ಲಿ ನಾಲ್ವರು ಆಚಾರ್ಯರ ಉತ್ತರಗಳನ್ನು ಸಂಗ್ರಹಿಸಿ, ಅವುಗಳಲ್ಲಿ ವಸುಮಿತ್ರನದೇ ಲೇಸೆಂದು ತಿಳಿಸಿ, ಬಳಿಕ ಅದನ್ನೂ ಖಂಡಿಸುತ್ತಾನೆ. ಎಣಿಕೆಯ ಬಿಲ್ಲೆಯೊಂದನ್ನು ಬಿಡಿಯ ಸ್ಥಾನದಲ್ಲಿಟ್ಟರೆ ಒಂದು, ನೂರರ ಸ್ಥಾನದಲ್ಲಿಟ್ಟರೆ ನೂರು, ಸಾವಿರದ ಸ್ಥಾನದಲ್ಲಿಟ್ಟರೆ ಸಾವಿರ. ಬಿಲ್ಲೆ ಅದೇ, ಬೇರೆಯಾದುದು ಸ್ಥಾನ. ಅಂತೆಯೇ ವಸ್ತುವು ತನ್ನ ಕಾರ್ಯವನ್ನು ಇನ್ನೂ ತೊಡಗದಿರುವಾಗ ಅನಾಗತ, ನಡೆಸುತ್ತಿರುವಾಗ ವರ್ತಮಾನ, ನಡೆಸಿ ನಿಂತಾಗ ಅತೀತ.

ಲೆಕ್ಕದ ಪುಸ್ತಕಗಳ ನಡುವೆ ಹಗಲು ಕಳೆಯುವ ನನ್ನಂಥವರಿಗೆ ಈ ದೃಷ್ಟಾಂತ ಒಡನೆಯೇ ಹಿಡಿಸುತ್ತದೆ. ಆದರೆ ಬಿಲ್ಲೆಯನ್ನು ಸ್ಥಾನದಿಂದ ಸ್ಥಾನಕ್ಕೆ ಸರಿಸುವ ಕೈಯೊಂದು ಬೇಕಷ್ಟೆ. ಆ ಸರಿಸುವಿಕೆ ಮೊದಲು, ಅನಂತರ ಎಂಬ ಕ್ರಮದಲ್ಲಿಯೇ ನಡೆಯಬೇಕು. ಕಾಲವನ್ನು ವಿವರಿಸಹೊರಟ ದೃಷ್ಟಾಂತವು ಕಾಲವನ್ನು ಮೊದಲೇ ಒಳಗಿಟ್ಟುಕೊಂಡಿದೆ. ವಸುಬಂಧುವಿನ ಆಕ್ಷೇಪವೂ ಇದರ ಸಮೀಪದ್ದೇ: ವಸ್ತು ಸದಾ ಇರುವುದಾದರೆ ಅದರ ಕಾರ್ಯವನ್ನು ತಡೆದುದು ಯಾವುದು? ಆ ಕಾರ್ಯಕ್ಕೇ ಅತೀತತ್ವ, ಅನಾಗತತ್ವಗಳು ಬಂದುದೆಲ್ಲಿಂದ?

ಕರ್ಮಫಲದ ತೊಡಕಿಗೆ ಅವನು ಬೀಜದ ನಿದರ್ಶನದಿಂದ ಉತ್ತರವೀಯುತ್ತಾನೆ. ಬೀಜ ಉಳಿಯದಿದ್ದರೂ ಮೊಳಕೆ, ಕಾಂಡ, ಎಲೆ, ಹೂ ಎಂಬ ಸಂತತಿಯಲ್ಲಿ ಪರಿಣಾಮವು ಸಾಗಿ ಕಡೆಗೆ ಹಣ್ಣಾಗುತ್ತದೆ. ಸಾಲಕ್ಕೂ ಇದೇ ನ್ಯಾಯವೆನ್ನಬಹುದು. ಸಾಲ ಪಡೆದ ಗಳಿಗೆ ಎಲ್ಲಿಯೂ ಉಳಿದಿಲ್ಲ. ಅದರಿಂದ ಹುಟ್ಟಿದ ಋಣ ಇಂದು ಇದೆ. ಹೊಣೆಗಾರಿಕೆಗೆ ಅಷ್ಟು ಸಾಕು.

1908ರಲ್ಲಿ ಮಿಂಕೋವ್‌ಸ್ಕಿಯು ದೇಶಕಾಲಗಳನ್ನು ನಾಲ್ಕು ಆಯಾಮಗಳ ಒಂದೇ ವ್ಯವಸ್ಥೆಯಾಗಿ ನಿರೂಪಿಸಿದುದನ್ನು ಕಂಡು, ಸರ್ವಾಸ್ತಿವಾದಕ್ಕೆ ವಿಜ್ಞಾನದ ಮುದ್ರೆ ಬಿದ್ದಿತೆಂದು ಹಿಗ್ಗಲು ಮನಸ್ಸಾಗುವುದು ಸಹಜ. ಆದರೆ ಅದು ಅವಸರದ ತೀರ್ಮಾನ. ಮಿಂಕೋವ್‌ಸ್ಕಿಯ ಚಿತ್ರದಲ್ಲಿ ಸರಿಯುವ ಬಿಲ್ಲೆಯೇ ಇಲ್ಲ. ಯಾವ ಒಂದು ಗಳಿಗೆಗೂ ‘ಈಗ’ ಎಂಬ ವಿಶೇಷ ಪದವಿಯಿಲ್ಲ. ವಸುಮಿತ್ರನಿಗಾದರೋ ವರ್ತಮಾನದ ಕಾರ್ಯವು ವಾಸ್ತವವಾದ ವಿಶೇಷ.

ಆದುದರಿಂದ ಮೂರು ಕಾಲಗಳೂ ಇವೆಯೆನ್ನುವವರು ಬಿಲ್ಲೆ ಸರಿಯುವುದೋ ಇಲ್ಲವೋ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಸರಿಯುವುದಾದರೆ, ಕಾಲವನ್ನು ಅವರು ಇನ್ನೂ ವಿವರಿಸಿಲ್ಲ. ಸರಿಯದಾದರೆ, ನಾಳೆಗಾಗಿ ಇಂದು ನಾವು ಪಡುವ ಪ್ರಯತ್ನಕ್ಕೆ ಅರ್ಥವೇನೆಂಬುದನ್ನು ಅವರು ವಿವರಿಸಬೇಕು.